ಎಷ್ಟು ಪಾಯಿಂಟ್ ಎಷ್ಟು

ಕಡಲ ತಡಿಯ ನಮ್ಮ ಕೊಕಿಂಬೊ ಊರಿನಲ್ಲಿ ನೆಲ ನಡುಗಿದರೆ ಯಾರೂ ಎದ್ದು ಓಡುವುದಿಲ್ಲ. ಓಡುವುದು ಪರದೇಶದವರ ಲಕ್ಷಣ. ನಮ್ಮವರು ಮೊದಲು ಕೈಯಲ್ಲಿರುವ ಚಹದ ಲೋಟ ಭದ್ರ ಮಾಡಿಕೊಳ್ಳುತ್ತಾರೆ, ಆಮೇಲೆ ಟಿವಿ ಬೀಳುತ್ತದೋ ಏನೋ ಎಂದು ಒಂದು ಕಣ್ಣು ಹಾಕುತ್ತಾರೆ, ಆಮೇಲೆ ಕುಳಿತಲ್ಲೇ ಭೂಕಂಪದ ಅಂಕಿ ಹೇಳುತ್ತಾರೆ. "ನಾಲ್ಕು ಪಾಯಿಂಟ್ ಎಂಟು." "ಹೋಗಯ್ಯಾ, ಐದು ದಾಟಿದೆ." ಸರ್ಕಾರದ ಅಂಕಿ ಫೋನಿಗೆ ಬರುವವರೆಗೆ ಊರಿಗೆ ಊರೇ ಇದೇ ಜಗಳ. ಗೆದ್ದವರು ಮೀಸೆ ತಿರುವುತ್ತಾರೆ, ಸೋತವರು ಅಳೆಯುವ ಯಂತ್ರವೇ ಕೆಟ್ಟಿದೆ ಎನ್ನುತ್ತಾರೆ.

ಮಿರೆಯಾ ತಾಪಿಯಾಳ ಮನೆಯಲ್ಲಿ ಸೋತವರು ಪಾತ್ರೆ ತೊಳೆಯಬೇಕೆಂಬ ಕಾನೂನು. ಮಿರೆಯಾ ಪಾತ್ರೆ ತೊಳೆದದ್ದು ಬಹಳ ಕಡಿಮೆ. ಅವಳ ಪಾದಕ್ಕೇ ಕಿವಿ ಇದೆ ಎಂದು ತಾಯಿ ಹೆರ್ಮಿಂಡಾ ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಮೂವತ್ತೊಂಬತ್ತು ವರ್ಷದ ಈ ಮಿರೆಯಾ ಈಗ ಹೈಸ್ಕೂಲು ಮಕ್ಕಳಿಗೆ ಭೂವಿಜ್ಞಾನ ಕಲಿಸುವ ಟೀಚರ್ ಆಗಲು ಹೊರಟಿದ್ದಳು. ಅದಕ್ಕೆ ಮೊದಲು ಹನ್ನೊಂದು ವರ್ಷ ತಾಮ್ರದ ಗಣಿಯಲ್ಲಿ ಮನೆಯೆತ್ತರದ ಲಾರಿ ಓಡಿಸಿದ್ದಳು. ಒಂದೊಂದು ಸಲಕ್ಕೆ ಮುನ್ನೂರು ಟನ್ ಕಲ್ಲು. ಒಂದು ದಿನ ಊಟದ ಹೊತ್ತಿನಲ್ಲಿ ಗಣಿಯ ಭೂವಿಜ್ಞಾನಿಯೊಬ್ಬನನ್ನು, "ಸಾರ್, ಈ ಹಸಿರು ಕಲ್ಲು ಹೇಗೆ ಆಗುತ್ತೆ?" ಎಂದು ಕೇಳಿದಳು. ಅವನು ಬ್ರೆಡ್ಡಿಗೆ ಬೆಣ್ಣೆಹಣ್ಣು ಹಚ್ಚುತ್ತಾ, "ನೀವು ಲಾರಿ ಓಡಿಸಿ ತಾಯಿ, ಕಲ್ಲಿನ ಚಿಂತೆ ನಮಗಿರಲಿ" ಎಂದ. ಮಿರೆಯಾಳ ಮೈಯೆಲ್ಲ ಉರಿದುಹೋಯಿತು. ಅದೇ ತಿಂಗಳು ಹೋಗಿ ಟೀಚರ್ ತರಬೇತಿಗೆ ಹೆಸರು ಕೊಟ್ಟಳು.

"ಕಲ್ಲು ಮಣ್ಣಿನ ವಿಷಯ ಹೇಳೋಕೆ ಐದು ವರ್ಷ ಓದ್ಬೇಕೇನೇ?" ಎಂದಳು ಹೆರ್ಮಿಂಡಾ. "ನಿಮ್ಮಪ್ಪ ಒಂದು ದಿನಾನೂ ಓದಲಿಲ್ಲ. ಅರವತ್ತು ವರ್ಷ ಮಣ್ಣಲ್ಲೇ ಬಿದ್ದಿದ್ದ."

"ಅಪ್ಪ ಕುಡಿದು ಬೀಳ್ತಿದ್ದದ್ದಮ್ಮ, ಅದು ಬೇರೆ ವಿಷಯ."

ಐದು ವರ್ಷದ ಓದು ಮುಗಿಯಿತು. ಕಲ್ಲುಗಳ ಹೆಸರು ಬಾಯಿಪಾಠವಾಯಿತು. ಕೊನೆಯಲ್ಲಿ ಉಳಿದದ್ದು ಶಾಲೆಯೊಂದರಲ್ಲಿ ಪಾಠದ ಅಭ್ಯಾಸ, ಮತ್ತು ಅದರ ಕೊನೆಗೊಂದು ಪರೀಕ್ಷೆಯ ಪಾಠ. ವಿಶ್ವವಿದ್ಯಾಲಯದಿಂದ ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನಲವತ್ತೆರಡು ಅಂಶಗಳ ಹಾಳೆ ತುಂಬುತ್ತಾರೆ. ಎರಡು ಸಲ ಫೇಲಾದರೆ ತರಬೇತಿಯಿಂದಲೇ ಹೊರಗೆ. ಮಿರೆಯಾ ಹೋದ ವರ್ಷ ಒಮ್ಮೆ ಫೇಲಾಗಿದ್ದಳು.

ಫೇಲಾದದ್ದು ಕಲ್ಲಿನಿಂದಲ್ಲ, ಬಾಯಿಯಿಂದ. ಗಂಧಕವನ್ನು ನೆಕ್ಕಿ ನೋಡಲು ಹೊರಟ ಹುಡುಗನೊಬ್ಬನಿಗೆ, "ಇಡೋ ಕೆಳಗೆ, ಪೆದ್ದು ನನ್ಮಗನೇ!" ಎಂದುಬಿಟ್ಟಿದ್ದಳು. ಗಣಿಯಲ್ಲಿ ಈ ಮಾತನ್ನು ಪ್ರೀತಿ ಇದ್ದವರಿಗೆ ಮಾತ್ರ ಹೇಳುತ್ತಾರೆ. ಆದರೆ ನಲವತ್ತೆರಡು ಅಂಶಗಳಲ್ಲಿ ಪ್ರೀತಿಗೊಂದು ಅಂಶವಿರಲಿಲ್ಲ, ಭಾಷೆಗೆ ಇತ್ತು. ಹಾಳೆ ತುಂಬಿದ ಕ್ಲೊತಿಲ್ಡೆ ಇರಿಬಾರೆನ್ ಮೇಡಂ ಕನ್ನಡಕದ ಮೇಲಿನಿಂದ ನೋಡಿ, "ನಿಮಗೆ ವಿಷಯ ಗೊತ್ತಿದೆ ತಾಪಿಯಾ. ಬಾಯಿಗೆ ತಡೆ ಇಲ್ಲ," ಎಂದು ಹೊರಟುಹೋದರು.

ಈ ವರ್ಷವೂ ಅದೇ ಮೇಡಂ. ಶಾಲೆ ಬಂದರಿನ ಪಕ್ಕದಲ್ಲಿ, ಕಿಟಕಿಯಿಂದ ಕೈ ಹಾಕಿದರೆ ಸಮುದ್ರ ಸಿಗುವಷ್ಟು ಹತ್ತಿರ. ಕಳ್ಳರು ಬರದಿರಲೆಂದು ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಅವಳಿಗೆ ದಾರಿ ತೋರಿಸಲು ನೇಮಿಸಿದ್ದ ನೊಲ್ಬೆರ್ತೊ ಮೇಷ್ಟ್ರು ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರು. ಮೂವತ್ತು ವರ್ಷದಲ್ಲಿ ತಮ್ಮ ಅಂದಾಜು ಸರ್ಕಾರದ ಅಂಕಿಯಿಂದ ಪಾಯಿಂಟ್ ಎರಡಕ್ಕಿಂತ ಹೆಚ್ಚು ಆಚೀಚೆ ಹೋಗಿಲ್ಲವೆಂದು ಅವರ ವಾದ.

"ನೋಡಮ್ಮ," ಎಂದರು ಮೇಷ್ಟ್ರು, "ಬಾಯಿ ಬಿಗಿಹಿಡಿ. ಆಮೇಲೆ ಹದಿನೇಳನೇ ಅಂಶ ನೋಡ್ಕೋ. ಅದರಲ್ಲಿ ಸೊನ್ನೆ ಬಂದ್ರೆ ಮಿಕ್ಕ ನಲವತ್ತೊಂದರಲ್ಲಿ ನೂರಕ್ಕೆ ನೂರು ಬಂದ್ರೂ ಫೇಲು."

ಹದಿನೇಳನೆಯದು ಮಕ್ಕಳ ಸುರಕ್ಷತೆ. ಅದರ ವಿವರವನ್ನು ಮಿರೆಯಾ ತಾನೇ ದಪ್ಪಕ್ಷರದಲ್ಲಿ ಬರೆದು ತರಗತಿಯ ಬಾಗಿಲ ಪಕ್ಕ ಅಂಟಿಸಿದ್ದಳು. ನೆಲ ನಡುಗಿದ ತಕ್ಷಣ: ಒಂದು, ಟೀಚರ್ ಬಾಗಿಲು ತೆಗೆದು ಹಿಡಿಯಬೇಕು, ಯಾಕೆಂದರೆ ಚೌಕಟ್ಟು ಸೊಟ್ಟಗಾದರೆ ಬಾಗಿಲು ಕಚ್ಚಿಕೊಳ್ಳುತ್ತದೆ. ಎರಡು, ಮಕ್ಕಳು ಮೇಜಿನಡಿ. ಮೂರು, ನಡುಕ ಜೋರಾಗಿದ್ದರೆ ನಿಂತ ಮೇಲೆ ಎಲ್ಲರೂ ಗುಡ್ಡ ಹತ್ತಬೇಕು. ಇಂಥ ಹಾಳೆ ನಮ್ಮೂರಿನ ಪ್ರತಿ ಗೋಡೆಯ ಮೇಲೂ ಇದೆ. ಗಾರೆ ಉದುರುವವರೆಗೆ ಅದನ್ನು ಪಾಲಿಸಿದವರನ್ನು ನಾನಂತೂ ಕಂಡಿಲ್ಲ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುತ್ತಾರಲ್ಲ, ಹಾಗೆ. ನಮ್ಮೂರಲ್ಲಿ ಗಾಳ ಹಾಕುವವರೇನೂ ಕಡಿಮೆಯಿಲ್ಲ.

ಆ ಗುರುವಾರ ಪಾಠ ಶುರುವಾದದ್ದು ಚೆನ್ನಾಗಿಯೇ. ಮೂವತ್ತನಾಲ್ಕು ಮಕ್ಕಳು, ಎಲ್ಲರಿಗೂ ಹದಿನೈದರ ಆಸುಪಾಸು. ಹಿಂದಿನ ಬೆಂಚಿನಲ್ಲಿ ಕ್ಲೊತಿಲ್ಡೆ ಮೇಡಂ, ತೊಡೆಯ ಮೇಲೆ ಹಾಳೆ, ಪೆನ್ನಿನ ಮುಚ್ಚಳ ತೆಗೆದಾಗಿದೆ. ಪಕ್ಕದಲ್ಲಿ ನೊಲ್ಬೆರ್ತೊ ಮೇಷ್ಟ್ರು.

"ಹೋದ ವಾರ ನಡುಗಿತಲ್ಲ," ಎಂದಳು ಮಿರೆಯಾ. "ಯಾರು ಯಾರು ಎಷ್ಟು ಹೇಳಿದ್ರಿ?"

"ಆರು, ಮಿಸ್!" ಎಂದ ಮೈಕೋಲ್. ಅವನ ಮನೆ ಕೆಳಗೆ, ಮೀನು ಮಾರುಕಟ್ಟೆಯ ಹಿಂದಿನ ಮರಳಿನ ಮೇಲೆ. "ನಮ್ಮನೆ ಬೀರು ಒಂದು ಮಾರು ನಡ್ಕೊಂಡು ಹೋಯ್ತು."

"ನಾಲ್ಕು," ಎಂದಳು ಸ್ಕಾರ್ಲೆತ್. ಅವಳದು ಗುಡ್ಡದ ಮೇಲಿನ ಮನೆ. "ನಮ್ಮಜ್ಜಿಗೆ ಎಚ್ಚರಾನೇ ಆಗ್ಲಿಲ್ಲ. ಮೈಕೋಲಿಗೆ ಎಲ್ಲಾನೂ ದೊಡ್ಡದು ಮಾಡಿ ಹೇಳೋ ಚಟ ಮಿಸ್."

"ನಿಮ್ಮಜ್ಜಿಗೆ ಕಿವಿ ಕೇಳ್ಸಲ್ಲ ಕಣೇ!"

ತರಗತಿ ಗೊಳ್ಳೆಂದು ನಕ್ಕಿತು. ಮಿರೆಯಾ ತಡೆಯಲಿಲ್ಲ. ನಗು ಇಳಿದ ಮೇಲೆ, "ಇಬ್ಬರೂ ಸರಿ," ಎಂದಳು. "ಪಕ್ಕದ ಮನೇಲಿ ಪಾರ್ಟಿ, ಲೌಡ್‌ಸ್ಪೀಕರ್ ಹಾಕಿದ್ದಾರೆ ಅಂದ್ಕೊಳ್ಳಿ. ಸ್ಪೀಕರ್ ಒಂದೇ. ಪಕ್ಕದವನ ಕಿವಿ ಹರಿದುಹೋಗುತ್ತೆ, ಗುಡ್ಡದ ಮೇಲಿನವನು ಗೊರಕೆ ಹೊಡೀತಾನೆ. ಭೂಕಂಪದ ಗಾತ್ರ ಒಂದೇ, ಹೊಡೆತ ಬೇರೆ ಬೇರೆ. ನೀವೆಲ್ಲ ಗಾತ್ರ ಹೇಳ್ತೀವಿ ಅಂತ ಹೊಡೆತ ಹೇಳ್ತಾ ಇದ್ದೀರಿ."

ಕ್ಲೊತಿಲ್ಡೆ ಮೇಡಂನ ಪೆನ್ನು ಹಾಳೆಯ ಮೇಲೆ ಓಡಿತು. ಟಿಕ್, ಟಿಕ್. ಮಿರೆಯಾಳಿಗೆ ಆ ಸದ್ದು ಬೋರ್ಡಿನವರೆಗೂ ಕೇಳಿಸಿತು. ನಾನು ಪಾಸಾಗುತ್ತಿದ್ದೇನೆ ಎಂದು ಅವಳಿಗೆ ಆ ಗಳಿಗೆಯಲ್ಲಿ ನಿಜವಾಗಿಯೂ ಅನ್ನಿಸಿತು, ಎದೆ ಹಿಗ್ಗಿತು.

ಸರಿಯಾಗಿ ಆಗ ನೆಲ ನಡುಗಿತು.

ಮೊದಲು ಕಿಟಕಿಯ ಗಾಜು ಗಿಲಿಗಿಲಿ ಎಂದವು. ತರಗತಿ ಒಮ್ಮೆಲೇ ನಿಶ್ಶಬ್ದವಾಯಿತು, ಮೂವತ್ತನಾಲ್ಕು ಮಕ್ಕಳೂ ಅಂಗೈಯನ್ನು ಮೇಜಿಗೆ ಒತ್ತಿ ಹಿಡಿದರು. ಯಾರೂ ಏಳಲಿಲ್ಲ.

"ಐದು ಪಾಯಿಂಟ್ ಒಂದು!" ಎಂದ ಮೈಕೋಲ್.

"ನಾಲ್ಕು ಎಂಟು!" ಎಂದಳು ಸ್ಕಾರ್ಲೆತ್.

ಮಿರೆಯಾಳ ತಲೆಯಲ್ಲಿ ಬಂದದ್ದು ಒಂದೇ ಯೋಚನೆ: ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ದೇವರು ಯಾವಾಗ ಕಳಿಸಿಯಾನು! ಮಾರ್ಕರ್ ಎತ್ತಿಕೊಂಡು ಬೋರ್ಡಿನ ನಡುವೆ ಉದ್ದಕ್ಕೆ ಗೆರೆ ಎಳೆದಳು, ಒಂದು ಕಡೆ ಹೆಸರು, ಇನ್ನೊಂದು ಕಡೆ ಅಂಕಿ. "ಬೇಗ ಹೇಳಿ, ಬೇಗ! ಕಿಟಕಿ ಕಡೆಯವರು ಮೊದಲು!" ಮಕ್ಕಳು ಹರಾಜಿನವರಂತೆ ಕೂಗಿದರು. ನೊಲ್ಬೆರ್ತೊ ಮೇಷ್ಟ್ರು ಕಣ್ಣು ಮುಚ್ಚಿ, ಅಂಗೈಯನ್ನು ಗೋಡೆಗೆ ಹಚ್ಚಿ, ಪೂಜಾರಿಯ ಗಾಂಭೀರ್ಯದಲ್ಲಿ "ಐದು ಮೂರು" ಎಂದರು. ಆಗ ಹಿಂದಿನ ಬೆಂಚಿನಿಂದ ಇನ್ನೊಂದು ಧ್ವನಿ ಬಂತು.

"ಐದು ಪಾಯಿಂಟ್ ಆರು. ಬರೆದುಕೊಳ್ಳಿ ತಾಪಿಯಾ, ನನ್ನ ಹೆಸರಿನ ಮುಂದೆ."

ಕ್ಲೊತಿಲ್ಡೆ ಮೇಡಂ ಪೆನ್ನನ್ನು ಮೇಲೆತ್ತಿ ಹಿಡಿದಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನು ಹೇಳುವುದು. ಮಿರೆಯಾ ಅವರ ಹೆಸರು ಬರೆಯಲು ಹೋದಳು, 'ಕ್ಲೊ' ಬರೆಯುವಷ್ಟರಲ್ಲಿ ಬೋರ್ಡೇ ಪಕ್ಕಕ್ಕೆ ಸರಿಯಿತು.

ಸಣ್ಣ ನಡುಕ ದೊಡ್ಡದರ ಮುನ್ಸೂಚನೆ ಮಾತ್ರವಾಗಿತ್ತು. ಈಗ ಬಂದದ್ದು ಅಂಕಿ ಹೇಳುವಂಥದ್ದಲ್ಲ. ದೀಪದ ಪಟ್ಟಿ ಕಳಚಿ ನೇತಾಡಿತು, ಕಪಾಟಿನಲ್ಲಿದ್ದ ಕಲ್ಲಿನ ಪೆಟ್ಟಿಗೆಗಳು ಒಂದೊಂದಾಗಿ ಹಾರಿ ಬಿದ್ದವು, ಸೂರಿನ ಗಾರೆ ಮಕ್ಕಳ ತಲೆಯ ಮೇಲೆ ಉದುರಿತು. ಯಾರೋ ಕಿರುಚಿದರು. "ಮೇಜಿನಡಿಗೆ! ಮೇಜಿನಡಿಗೆ!" ಎಂದು ಮಿರೆಯಾ ಕೂಗಿದಾಗ ಅರ್ಧ ಜನ ಆಗಲೇ ಬಿದ್ದಿದ್ದರು, ಇನ್ನರ್ಧ ತೂರಿಕೊಂಡಿದ್ದರು. ನಲವತ್ತು ಸೆಕೆಂಡಿನ ಮೇಲೆ ನೆಲ ಸುಮ್ಮನಾಯಿತು.

ಮಿರೆಯಾ ಬಾಗಿಲಿಗೆ ಓಡಿ ಹಿಡಿಯನ್ನು ತಳ್ಳಿದಳು. ಬಾಗಿಲು ಬರಲಿಲ್ಲ. ಭುಜ ಕೊಟ್ಟಳು. ಚೌಕಟ್ಟು ಸೊಟ್ಟಗಾಗಿ ಬಾಗಿಲನ್ನು ಹಲ್ಲು ಕಚ್ಚಿ ಹಿಡಿದುಕೊಂಡಿತ್ತು. ಅವಳೇ ದಪ್ಪಕ್ಷರದಲ್ಲಿ ಬರೆದ ಹಾಳೆ ಮೂಗಿನ ಪಕ್ಕದಲ್ಲೇ ಇತ್ತು.

ಅಷ್ಟರಲ್ಲಿ ತರಗತಿಯಲ್ಲಿದ್ದ ಎಲ್ಲ ಫೋನುಗಳೂ ಒಟ್ಟಿಗೆ ಅರಚಿಕೊಂಡವು. ಸುನಾಮಿ ಎಚ್ಚರಿಕೆ. ಕರಾವಳಿಯವರು ಎತ್ತರದ ಜಾಗಕ್ಕೆ ಹೋಗಬೇಕು.

ಹೊರಗೆ ಬೇರೆ ತರಗತಿಯ ಮಕ್ಕಳ ಕಾಲಸಪ್ಪಳ ದೂರವಾಗುತ್ತಿತ್ತು. ಒಳಗೆ ಸರಳಿನ ಕಿಟಕಿ, ಕಚ್ಚಿಕೊಂಡ ಬಾಗಿಲು, ಆಚೆ ಸಮುದ್ರ.

"ಮೈಕೋಲ್, ಆ ಬೆಂಚಿನ ತುದಿ ಹಿಡಿ!" ಎಂದಳು ಮಿರೆಯಾ. "ಇನ್ನೂ ನಾಲ್ಕು ಜನ ಬನ್ನಿ. ಒಂದು, ಎರಡು, ಹ್ಞೂಂ!"

ಬೆಂಚು ಬಾಗಿಲಿಗೆ ಬಡಿಯಿತು. ಏನೂ ಆಗಲಿಲ್ಲ.

"ಇನ್ನೊಂದ್ಸಲ! ತೆಗಿಯೋ, ದರಿದ್ರ ಮುಂಡೇದೇ! ನಿನ್ನ ವಂಶ ಹಾಳಾಗ! ಯಾವ ಬೋಳಿಮಗ ಮಾಡಿದ್ನೋ ನಿನ್ನ!" ಹನ್ನೊಂದು ವರ್ಷದ ಗಣಿಯ ಬೈಗುಳವೆಲ್ಲ ಆ ಬಾಗಿಲಿನ ಮೇಲೆ ಸುರಿಯಿತು. ನಾಲ್ಕನೆಯ ಹೊಡೆತಕ್ಕೆ ಬೆಂಚಿನ ಹಿಂದೆ ಇನ್ನೆರಡು ಕೈ ಸೇರಿದವು. ಕ್ಲೊತಿಲ್ಡೆ ಮೇಡಂ, ಚಪ್ಪಲಿ ಬಿಟ್ಟು, ಮೈಕೋಲನ ಸೊಂಟಕ್ಕೆ ಒತ್ತಿಕೊಂಡು ತಳ್ಳುತ್ತಿದ್ದರು. "ತಳ್ರೋ, ಪೆದ್ದು ನನ್ಮಕ್ಳಾ!" ಎಂದರು ಮೇಡಂ. ಆರನೆಯ ಹೊಡೆತಕ್ಕೆ ಬಾಗಿಲು ಚೌಕಟ್ಟು ಸಮೇತ ಹೊರಗೆ ಬಿತ್ತು.

ಎಲ್ಲರೂ ಗುಡ್ಡ ಹತ್ತಿದರು. ಮಿರೆಯಾ ಕೊನೆಯವಳಾಗಿ, ದಾರಿಯುದ್ದಕ್ಕೂ ತಲೆ ಎಣಿಸುತ್ತಾ ಹತ್ತಿದಳು. ಮೂವತ್ತನಾಲ್ಕು. ಮತ್ತೆ ಮತ್ತೆ ಎಣಿಸಿದಳು, ಮೂವತ್ತನಾಲ್ಕೇ. ಮೇಲೆ ಊರಿನ ಅರ್ಧ ಜನ ನಿಂತಿದ್ದರು. ಸಮುದ್ರ ಸ್ವಲ್ಪ ಹಿಂದೆ ಸರಿದು, ಮೀನು ಮಾರುಕಟ್ಟೆಯ ಮೆಟ್ಟಿಲು ತೋಯಿಸಿ, ಅಷ್ಟಕ್ಕೇ ತೃಪ್ತಿಪಟ್ಟಿತು. ಒಂದು ಗಂಟೆಯ ಮೇಲೆ ಎಚ್ಚರಿಕೆ ಹಿಂತೆಗೆದರು. ಹೆಂಗಸೊಬ್ಬಳು ಅಷ್ಟರಲ್ಲೇ ಒಲೆ ಹಚ್ಚಿ, ಕುಂಬಳಕಾಯಿ ಹಾಕಿ ನಾದಿದ ಹಿಟ್ಟಿನ ಸೊಪಾಯ್ಪಿಯಾ ಕರಿದು ಮಾರುತ್ತಿದ್ದಳು. ಪ್ರಳಯವಾದರೂ ನಮ್ಮೂರಲ್ಲಿ ಎಣ್ಣೆ ಕಾಯುತ್ತದೆ.

"ಆರು ಪಾಯಿಂಟ್ ನಾಲ್ಕು!" ಎಂದು ಫೋನು ನೋಡುತ್ತಾ ಕೂಗಿದ ಮೈಕೋಲ್. "ಯಾರೂ ಗೆಲ್ಲಲಿಲ್ಲ ಮಿಸ್! ನೊಲ್ಬೆರ್ತೊ ಸಾರ್ ಒಂದು ಪಾಯಿಂಟ್ ಒಂದರಲ್ಲಿ ಹೋದ್ರು!"

"ಯಂತ್ರ ಕೆಟ್ಟಿದೆ," ಎಂದರು ಮೇಷ್ಟ್ರು.

ಸ್ಕಾರ್ಲೆತ್ ನಗಲಿಲ್ಲ. ಕೂದಲಲ್ಲಿ ಗಾರೆಯ ಪುಡಿ ಹಾಗೇ ಇತ್ತು. ಮಿರೆಯಾಳ ಹತ್ತಿರ ಬಂದು, "ಮಿಸ್," ಎಂದಳು ಮೆಲ್ಲಗೆ, "ಬಾಗಿಲು ಬರದೇ ಇದ್ದಾಗ ನೀರು ಬಂದಿದ್ರೆ?"

ಮಿರೆಯಾ ಲೆಕ್ಕ ಹಾಕಿದಳು. ಸಣ್ಣ ನಡುಕ ಶುರುವಾಗಿ ದೊಡ್ಡದು ಬರುವವರೆಗೆ ಹದಿನೈದು ಸೆಕೆಂಡು ಸಿಕ್ಕಿತ್ತು. ಬಾಗಿಲು ನಾಲ್ಕು ಹೆಜ್ಜೆ ದೂರವಿತ್ತು. ಆ ಹದಿನೈದು ಸೆಕೆಂಡು ಅವಳು ಹೆಸರು ಬರೆಯುತ್ತಿದ್ದಳು, ಮಕ್ಕಳು ಅವಳ ಕೈಯ ಮಾರ್ಕರ್ ನೋಡಿಕೊಂಡು ಕುಳಿತಿದ್ದರು. ನಾಚಿಕೆಯಿಂದ ಅವಳಿಗೆ ಮುಖ ಎತ್ತಲಾಗಲಿಲ್ಲ.

"ನನ್ನ ತಪ್ಪು ಕಣಮ್ಮ," ಎಂದಳು. "ಬಾಗಿಲು ನನ್ನ ಕೆಲಸ ಆಗಿತ್ತು."

ಸ್ವಲ್ಪ ಹೊತ್ತಿನ ಮೇಲೆ ಕ್ಲೊತಿಲ್ಡೆ ಮೇಡಂ ಬರಿಗಾಲಲ್ಲಿ ಬಂದು ಪಕ್ಕದ ಕಲ್ಲಿನ ಮೇಲೆ ಕುಳಿತರು. ಹಾಳೆ ಮಡಚಿ ಮುದ್ದೆಯಾಗಿತ್ತು, ಆದರೂ ಕೈಬಿಟ್ಟಿರಲಿಲ್ಲ.

"ಪಾಠ ಚೆನ್ನಾಗಿತ್ತು," ಎಂದರು. "ಇಪ್ಪತ್ತು ವರ್ಷದಲ್ಲಿ ಆ ಲೌಡ್‌ಸ್ಪೀಕರ್ ಥರ ಯಾರೂ ಹೇಳಿಲ್ಲ. ಹದಿನೇಳನೇ ಅಂಶ ಒಂದು ಉಳಿದಿದೆ." ಆಚೀಚೆ ನೋಡಿ ಧ್ವನಿ ತಗ್ಗಿಸಿದರು. "ಬಾಗಿಲು ಸಮಯಕ್ಕೆ ತೆಗೆದರು ಅಂತ ಬರೀತೀನಿ. ಈಗ ಬಾಗಿಲೇ ಇಲ್ಲವಲ್ಲ, ಯಾರು ಕೇಳ್ತಾರೆ?"

ಹೂಂ ಎಂದರೆ ಮಿರೆಯಾಳ ಐದು ವರ್ಷದ ಓದು ದಡ ಸೇರುತ್ತದೆ. ಗಣಿಯ ಆ ಬೆಣ್ಣೆಹಣ್ಣಿನವನ ಮುಖಕ್ಕೆ ಹೊಡೆದಂತೆ ಟೀಚರ್ ಆಗಬಹುದು. ನಾಲಿಗೆಯ ತುದಿಗೆ ಹೂಂ ಬಂದೇ ಬಂದಿತ್ತು, ನಾನೇಕೆ ಸುಳ್ಳು ಹೇಳಲಿ.

"ಬೇಡ ಮೇಡಂ," ಎಂದಳು. "ಆ ಹುಡುಗಿ ಕೇಳ್ತಾಳೆ. ಈಗ ತಾನೇ ಕೇಳಿದ್ಲು. ಸೊನ್ನೆ ಹಾಕಿ."

"ಹುಚ್ಚೇನ್ರೀ ನಿಮಗೆ? ಇದು ಎರಡನೇ ಸಲ. ಸೊನ್ನೆ ಹಾಕಿದ್ರೆ ಕಥೆ ಮುಗೀತು!"

"ಗೊತ್ತು. ಹಾಕಿ. ಹಾಕೋದೇ ಆದ್ರೆ ಐದು ಪಾಯಿಂಟ್ ಆರು ಅಂದವರಿಗೂ ಒಂದು ಹಾಕಿ."

ಕ್ಲೊತಿಲ್ಡೆ ಮೇಡಂ ಮುಖ ಕೆಂಪಗಾಯಿತು. ಎದ್ದು, ಚುಚ್ಚುವ ಕಲ್ಲುಗಳ ಮೇಲೆ ಕುಂಟುತ್ತಾ ಇಳಿದುಹೋದರು.

ಮಿರೆಯಾ ಮನೆಗೆ ಬಂದು ಎಲ್ಲ ಪಾತ್ರೆಗಳನ್ನೂ ತೊಳೆದಳು. ಹೆರ್ಮಿಂಡಾ, "ಸೋತೆಯೇನೇ?" ಎಂದಳು. ಮಿರೆಯಾ "ಹೂಂ" ಎಂದಳು, ಅಂಕಿ ಹೇಳಲಿಲ್ಲ.

ನಾಲ್ಕು ದಿನದ ಮೇಲೆ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಒಳಗೆ ಎರಡೇ ಸಾಲು. ಪರೀಕ್ಷಕರು ಪಾಠದ ನಡುವೆ ತಾವೇ "ಐದು ಪಾಯಿಂಟ್ ಆರು" ಎಂದು ಕೂಗಿದ್ದರಿಂದಲೂ, ಬಾಗಿಲು ತೆಗೆಯಬೇಕೆಂದು ಅವರಿಗೂ ಹೊಳೆಯದೆ ಇದ್ದುದರಿಂದಲೂ, ಸದರಿ ಪರೀಕ್ಷೆ ಅಸಿಂಧು. ಮುಂದಿನ ಗುರುವಾರ ಮತ್ತೆ ನಡೆಯತಕ್ಕದ್ದು. ಕೆಳಗೆ ಸಹಿ, ಕ್ಲೊತಿಲ್ಡೆ ಇರಿಬಾರೆನ್. ಮಿರೆಯಾ ಮೂರು ಸಲ ಓದಿ ಅಡುಗೆಮನೆಯಲ್ಲಿ ನಿಂತು ಅತ್ತಳು.

ಗುರುವಾರ ಬಂತು. ಅದೇ ತರಗತಿ, ಹೊಸ ಬಾಗಿಲು, ಅದೇ ಮೇಡಂ. ದೊಡ್ಡದರ ಹಿಂದೆ ಮರಿ ನಡುಕಗಳು ದಿನವೂ ಬರುತ್ತಿದ್ದವು, ಊರು ಅವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಮಿರೆಯಾ ಗಾತ್ರ ಮುಗಿಸಿ ಹೊಡೆತಕ್ಕೆ ಬರುತ್ತಿದ್ದಳು. ಇನ್ನು ಇಪ್ಪತ್ತು ನಿಮಿಷ ಉಳಿದಿತ್ತು, ಪಾಠ ಸಮಯಕ್ಕೆ ಮುಗಿಸುವುದಕ್ಕೂ ಒಂದು ಅಂಶವಿತ್ತು.

ಕಿಟಕಿಯ ಗಾಜು ಗಿಲಿಗಿಲಿ ಎಂದವು.

ಮೂರು ಪಾಯಿಂಟ್ ಎರಡು ಎಂದಿತು ಅವಳ ಪಾದ. ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ, ಈಗಲೇ ನಿಲ್ಲುತ್ತದೆ, ಇದಕ್ಕೆ ಬೆಕ್ಕು ಕೂಡ ಏಳುವುದಿಲ್ಲ. ಮಕ್ಕಳೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಮೈಕೋಲನ ತುಟಿಯ ಮೇಲೆ ಅಂಕಿ ಬಂದು ಕುಳಿತಿತ್ತು.

ಮಿರೆಯಾ ಮಾರ್ಕರ್ ಬಿಸಾಡಿ, ನಾಲ್ಕೇ ಹೆಜ್ಜೆಯಲ್ಲಿ ಹೋಗಿ ಬಾಗಿಲು ತೆಗೆದು ಹಿಡಿದು ನಿಂತಳು. "ಮೇಜಿನಡಿಗೆ!" ಎಂದಳು.

ಮೂವತ್ತನಾಲ್ಕು ಮಕ್ಕಳು ಮೇಜಿನಡಿಗೆ ಹೋದರು. ಮೈಕೋಲ್ ತುಟಿ ಕಚ್ಚಿಕೊಂಡೇ ಹೋದ. ನೊಲ್ಬೆರ್ತೊ ಮೇಷ್ಟ್ರು ಗೊಣಗುತ್ತಾ ಮಂಡಿಯೂರಿದರು. ಕ್ಲೊತಿಲ್ಡೆ ಮೇಡಂ ಹಾಳೆ ಸಮೇತ ಅವರ ಪಕ್ಕ ತೂರಿಕೊಂಡರು. ನೆಲ ಆಗಲೇ ಸುಮ್ಮನಾಗಿತ್ತು.

ಎದುರು ತರಗತಿಯ ಇತಿಹಾಸದ ಮೇಷ್ಟ್ರು ಕಾಫಿ ಲೋಟ ಹಿಡಿದು ಹೊರಗೆ ಬಂದವರು ತೆರೆದ ಬಾಗಿಲಿನಿಂದ ಇಣುಕಿ ನೋಡಿದರು. ನಗು ತಡೆಯಲಾಗದೆ ಲೋಟ ತುಳುಕಿತು.

"ಏನಮ್ಮ ಇದು, ಇಷ್ಟಕ್ಕೇ ಮೇಜಿನಡಿಗಾ? ಎಲ್ಲಾ ಪರದೇಶದವರ ಹಾಗೆ ಅರ್ಜೆಂಟೀನಾದಿಂದ ಬಂದ್ರೇನು?"

ಅವರ ಹಿಂದಿದ್ದ ಮಕ್ಕಳೆಲ್ಲ ಹೋ ಎಂದು ಕೂಗಿದರು. ಕೊಕಿಂಬೊದ ಹದಿನೈದರ ಹುಡುಗನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಮೇಜುಗಳ ಕೆಳಗೆ ಮುಖಗಳು ಕೆಂಪಗಾದವು, ಆದರೆ ಒಬ್ಬರೂ ಹೊರಗೆ ಬರಲಿಲ್ಲ. ಮಿರೆಯಾಳ ಕಿವಿಯೂ ಸುಟ್ಟಿತು. ಗಣಿಯ ಉತ್ತರ ಒಂದು ಗಂಟಲಿಗೆ ಬಂತು, ನುಂಗಿದಳು. ಎಲ್ಲರನ್ನೂ ಎಣಿಸಿ, ಮೇಲೆಬ್ಬಿಸಿ, ಮತ್ತೆ ಕೂರಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಪಾಠ ಮುಗಿಯುವ ಮೊದಲೇ ಗಂಟೆ ಹೊಡೆಯಿತು.

ಮಕ್ಕಳು ಹೋದ ಮೇಲೆ ಕ್ಲೊತಿಲ್ಡೆ ಮೇಡಂ ಮಂಡಿಯ ಧೂಳು ಕೊಡವಿಕೊಳ್ಳುತ್ತಾ ಬಂದರು. ಹಾಳೆಯ ಕೆಳಗೆ 'ಪಾಸು' ಎಂಬುದರ ಮುಂದೆ ಸಹಿಯ ಜಾಗ ಇನ್ನೂ ಖಾಲಿ ಇತ್ತು. ಪೆನ್ನು ಹಿಡಿದು, ಯಾರಿಗೂ ಕೇಳಿಸದ ಹಾಗೆ ಬಗ್ಗಿ ಕೇಳಿದರು.

"ಮೂರು ಪಾಯಿಂಟ್ ಎರಡು ಇರಬಹುದು, ಅಲ್ವಾ ತಾಪಿಯಾ?"

"ಗೊತ್ತಿಲ್ಲ ಮೇಡಂ," ಎಂದಳು ಮಿರೆಯಾ. "ನಾನು ಬಾಗಿಲು ಹಿಡ್ಕೊಂಡಿದ್ದೆ."

ಮೇಡಂ ಸಹಿ ಹಾಕಿದರು.